ಬಾಗಿಲು ತಟ್ಟಿದವನ ಧರ್ಮ ಯಾವುದು?



ಪತ್ರಿಕೆಯಲ್ಲಿ ನಿರಾಶ್ರಿತರ ಸುದ್ದಿ ಓದುವಾಗ ನಿಮ್ಮ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು? ಅವರು ಎಷ್ಟು ಸಂಕಷ್ಟದಲ್ಲಿದ್ದಾರೆ ಎಂಬುದೇ, ಅಲ್ಲ ಅವರು ಯಾವ ಸಮುದಾಯದವರು ಎಂಬುದೇ?

2017ರ ಆಗಸ್ಟ್‌ನಿಂದ ಮುಂದಿನ ತಿಂಗಳುಗಳಲ್ಲಿ ಮ್ಯಾನ್ಮಾರ್ ಸೈನ್ಯದ ದೌರ್ಜನ್ಯಕ್ಕೆ ಬೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಗಡಿ ದಾಟಿ ಬಾಂಗ್ಲಾದೇಶ ಸೇರಿದರು. 1982ರ ಪೌರತ್ವ ಕಾನೂನು ಅವರನ್ನು ಹುಟ್ಟಿದ ನೆಲದಲ್ಲಿಯೇ ಪರಕೀಯರನ್ನಾಗಿ ಮಾಡಿತ್ತು. ಶ್ರೀಮಂತವಲ್ಲದ ಬಾಂಗ್ಲಾದೇಶ ಕಾಕ್ಸ್ ಬಜಾರಿನ ಗುಡ್ಡಗಳಲ್ಲಿ ಅವರಿಗೆ ನೆಲೆ ಕೊಟ್ಟಿತು. ಲೋಕವಾದರೋ ಬೇಗ ಮರೆಯಿತು. 2023ರಲ್ಲಿ ಹಣದ ಕೊರತೆಯಿಂದಾಗಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಅವರ ಆಹಾರ ನೆರವು 8 ಡಾಲರಿಗೆ ಇಳಿಯಿತು. ಅವರಿಗಾಗಿ ನಾವು ಕಣ್ಣೀರಿಟ್ಟೆವು, ದುಆ ಮಾಡಿದೆವು. ಅದು ನ್ಯಾಯವೇ.

ಆದರೆ 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರಿನಲ್ಲಿ ಯಝೀದಿಗಳು ಜೀವ ಉಳಿಸಿಕೊಳ್ಳಲು ಬೆಟ್ಟ ಹತ್ತಿ ನೀರಿಲ್ಲದೆ ಬಳಲಿದರಲ್ಲ, ಅಂದು ನಮ್ಮಲ್ಲಿ ಎಷ್ಟು ಮಂದಿ ಅವರಿಗಾಗಿ ಕೈಯೆತ್ತಿದೆವು? ಅವರ ಹೆಣ್ಣುಮಕ್ಕಳನ್ನು ಸೆರೆಹಿಡಿದು ಮಾರಿದವರು ನಮ್ಮ ದೀನಿನ ಹೆಸರನ್ನೇ ಹೇಳಿಕೊಂಡಿದ್ದರು. ಆದುದರಿಂದ ನಮ್ಮ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

2015ರಲ್ಲಿ ಸಿರಿಯಾದವರು ಬಂದಾಗ ಬೇಲಿ ಕಟ್ಟಿದ ಹಂಗೇರಿ, 2022ರಲ್ಲಿ ಉಕ್ರೇನಿನವರಿಗೆ ಗಡಿ ತೆರೆಯಿತು. ಇದನ್ನು ನಾವು ಇಬ್ಬಗೆ ನೀತಿಯೆಂದು ಕರೆದೆವು. ಸರಿಯೇ. ಆದರೆ ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಡವೇ?

ಇಸ್ಲಾಮಿನ ಮೊದಲ ಹಿಜ್ರತ್ ಯಾವ ನಾಡಿಗೆ ನಡೆಯಿತು? ಮದೀನಾಕ್ಕಲ್ಲ, ಅಬಿಸೀನಿಯಕ್ಕೆ. ಅಲ್ಲಿ ಆಳುತ್ತಿದ್ದವನು ಕ್ರೈಸ್ತ ದೊರೆ ನಜ್ಜಾಶಿ. ಮುಸ್ಲಿಮರನ್ನು ಹಿಡಿದು ತರಲು ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದರು. ನಜ್ಜಾಶಿ ಅವರ ಮಾತನ್ನಷ್ಟೇ ನಂಬಲಿಲ್ಲ. ಆಶ್ರಯ ಬೇಡಿದವರನ್ನೂ ಕರೆಸಿ ಜಅಫರ್ ಬಿನ್ ಅಬೀತಾಲಿಬ್(ರ)ರ ಮಾತು ಆಲಿಸಿದನು. ಬಳಿಕ ಉಡುಗೊರೆಗಳನ್ನು ಹಿಂದಿರುಗಿಸಿದನು. ಅಂದು ಅವನು ‘ಇವರು ನಮ್ಮವರಲ್ಲ’ ಎಂದಿದ್ದರೆ?

ಯುದ್ಧದ ಕಟ್ಟಪ್ಪಣೆಗಳಿರುವ ಅತ್ತೌಬಾ ಅಧ್ಯಾಯದ 6ನೆಯ ಸೂಕ್ತವನ್ನು ತೆರೆದು ನೋಡಿರಿ. ಬಹುದೇವಾರಾಧಕನೊಬ್ಬ ಅಭಯ ಕೇಳಿ ಬಂದರೆ ಅವನಿಗೆ ಅಭಯ ನೀಡಿ, ಅಲ್ಲಾಹನ ವಚನ ಕೇಳಿಸಿ, ಸುರಕ್ಷಿತ ತಾಣಕ್ಕೆ ತಲುಪಿಸಬೇಕೆಂಬುದು ಅದರ ಸಾರ. ಅವನು ವಿಶ್ವಾಸಿಯಾಗಬೇಕೆಂಬ ಷರತ್ತು ಅಲ್ಲಿಲ್ಲ.

ನೀವು ಕೇಳಬಹುದು: ಬಂದವರೆಲ್ಲರಿಗೂ ಬಾಗಿಲು ತೆರೆದರೆ ಮನೆಯವರ ಗತಿಯೇನು? ಈ ಪ್ರಶ್ನೆ ತಪ್ಪಲ್ಲ. ಯಾವ ನಾಡಿಗೂ ಅದರ ಕಣಜದ ಅಳತೆಯಿದೆ. ಮದೀನಾದ ಅನ್ಸಾರಿ ಸಅದ್ ಬಿನ್ ರಬೀಅ್(ರ) ತಮ್ಮ ಅರ್ಧ ಸಂಪತ್ತನ್ನೇ ನೀಡಲು ಮುಂದಾದಾಗ, ಮುಹಾಜಿರ್ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅವರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿ ತೋರಿಸಿದರೆ ಸಾಕೆಂದರು. ಕೊಡುವವನು ಲೆಕ್ಕವಿಡಲಿಲ್ಲ, ಪಡೆಯುವವನು ಹೊರೆಯಾಗಲು ಬಯಸಲಿಲ್ಲ. ದುಡಿಯಲು ದಾರಿ ಕೊಟ್ಟರೆ ಅತಿಥಿ ಭಾರವಾಗಿಯೇ ಉಳಿಯುವುದಿಲ್ಲ. ‘ಜಾಗವಿಲ್ಲ’ ಎಂಬುದು ಅಸಹಾಯಕನ ಮಾತು. ಅದಕ್ಕೆ ಪರಿಹಾರ ಹುಡುಕಬಹುದು. ‘ನೀನು ನಮ್ಮವನಲ್ಲ’ ಎಂಬುದು ಅಹಂಕಾರದ ಮಾತು. ಎರಡನೆಯದನ್ನು ಮರೆಮಾಚಲು ಮೊದಲನೆಯದನ್ನು ಹೇಳುವವರೂ ಇದ್ದಾರೆ.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 1,70,000ದಷ್ಟು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಬಹುತೇಕ ಮಂದಿ ಜೋರ್ಡಾನಿನ ಅಮ್ಮಾನ್ ಮೂಲಕ ಬಂದರು. ನಮ್ಮ ಕರಾವಳಿಯವರೂ ಅವರಲ್ಲಿದ್ದರು. ಎಲ್ಲವನ್ನೂ ಬಿಟ್ಟು ಪರದೇಶದ ಮರಳಿನಲ್ಲಿ ಕಾಯುವುದೆಂದರೇನೆಂದು ಅವರ ಮನೆಗಳಲ್ಲಿ ಕೇಳಿ ನೋಡಿರಿ.

ನಾಡಿನ ಗಡಿಗಳು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ನಾಲಗೆ ಮತ್ತು ಹೃದಯ ನಮ್ಮ ಕೈಯಲ್ಲಿವೆ. ಮುಂದಿನ ಸಲ ಅಂತಹ ಸುದ್ದಿಯನ್ನು ಮಕ್ಕಳ ಮುಂದೆ ಓದುವಾಗ, ಸತ್ತವರ ಹೆಸರುಗಳಲ್ಲಿ ನಮ್ಮವರನ್ನು ಹುಡುಕುವ ಮೊದಲು ಎಲ್ಲರಿಗಾಗಿಯೂ ಒಮ್ಮೆ ಮರುಗೋಣ. ನಮ್ಮ ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ. ಪಕ್ಷಪಾತವಿಲ್ಲದ ಕರುಣೆಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.