ಕಲೆ ಯಾವುದು, ಗೀರು ಯಾವುದು?

*ದಿನದ ಧಮ್ಮ ಚಿಂತನೆ*


ಉಪಾಸಕ ಉಪಾಸಿಕೆಯರೇ, ಹೆಬ್ಬೂರು ಅಧ್ಯಯನ ಬಳಗದ ಬಂಧುಗಳೇ,

ಇವತ್ತಿನ ಚಿಂತನೆ ನಮ್ಮ ನಮ್ಮ ಮನೆಯ ಬಚ್ಚಲು, ಕಕ್ಕಸ್ಸಿನ ಬಗ್ಗೆ. ಧಮ್ಮಕ್ಕೂ ಕಕ್ಕಸ್ಸಿಗೂ ಏನು ಸಂಬಂಧ ಅಂತ ಯಾರೂ ಮುಖ ತಿರುಗಿಸಬೇಡಿ. ಭಗವಾನ್ ಬುದ್ಧರು ಉಪಾಸಿಕೆ ವಿಶಾಖೆಗೆ ಉಪೋಸಥದ ಬಗ್ಗೆ ಬೋಧಿಸುವಾಗ ತಲೆ ತೊಳೆಯುವುದು, ಮೈ ಉಜ್ಜುವುದು, ಬಟ್ಟೆ ಒಗೆಯುವುದು, ಕನ್ನಡಿ ಬೆಳಗುವುದು, ಚಿನ್ನ ಶುದ್ಧ ಮಾಡುವುದು ಎಂಬ ಐದು ಕೆಲಸಗಳನ್ನೇ ಉದಾಹರಣೆ ಕೊಟ್ಟರು. ಇದು ಅಂಗುತ್ತರ ನಿಕಾಯದಲ್ಲಿದೆ. ಬಟ್ಟೆಗೆ ಕ್ಷಾರ, ಸಗಣಿ. ಕನ್ನಡಿಗೆ ಎಣ್ಣೆ, ಬೂದಿ. ಚಿನ್ನಕ್ಕೆ ಕುಲುಮೆ, ಉಪ್ಪು. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಆಗದು. ಐದಕ್ಕೂ ಬೇಕಾದದ್ದು ಒಂದೇ, ಅದಕ್ಕೆ ತಕ್ಕ ಮನುಷ್ಯ ಪ್ರಯತ್ನ. ಮಲಿನವಾದ ಮನಸ್ಸಿಗೂ ಹಾಗೇ ತಕ್ಕ ಪ್ರಯತ್ನ ಬೇಕು ಎಂದರು.

*ಮೊದಲು ಗುರುತಿಸಿ*

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಬೇಸಿನ್, ಕಮೋಡು, ಟೈಲ್ಸ್ ಮೇಲೆ ಬಿಳೀ ಪೊರೆ ಕಟ್ಟುತ್ತದೆ. ಅದು ಸುಣ್ಣದ ಅಂಶ. ಅದಕ್ಕೆ ಹುಳಿ ಬೇಕು. ಹಿತ್ತಾಳೆ ಚೊಂಬಿಗೆ ಹುಣಸೇಹಣ್ಣು ಹಾಕುವ ನಮ್ಮ ತಾಯಂದಿರ ವಿದ್ಯೆಯೇ ಇದು. ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಬಟ್ಟೆ ಅದ್ದಿ ಕಲೆಯ ಮೇಲೆ ಹಾಸಿ ಅರ್ಧ ಗಂಟೆ ಬಿಟ್ಟರೆ ಪೊರೆ ಸಡಿಲವಾಗುತ್ತದೆ. ಕೆಂಪು, ಹಳದಿ ಕಲೆಯಿದ್ದರೆ ಅದು ಹೆಚ್ಚಾಗಿ ನೀರಿನಲ್ಲಿರುವ ಕಬ್ಬಿಣದ್ದು. ಅದಕ್ಕೂ ಹುಳಿಯೇ. ಬ್ಲೀಚಿಂಗ್ ಪೌಡರ್ ಹಾಕಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಬಹುದು.

ಇನ್ನೊಂದು ಇದೆ. ಕಪ್ಪು, ಬೂದು ಬಣ್ಣದ ಗೆರೆಗಳು. ನೋಡಿದವರೆಲ್ಲ "ಬೇಸಿನ್ ಗೀರಿಹೋಯಿತು" ಅನ್ನುತ್ತಾರೆ. ಉಗುರಿನಿಂದ ಅಡ್ಡ ಎಳೆದು ನೋಡಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಅದು ಗೀರಲ್ಲ. ಪಿಂಗಾಣಿಯ ಮೇಲಿರುವುದು ಗಾಜಿನಂಥ ಪದರ, ಬಕೆಟ್ಟಿನ ಹಿಡಿ, ಸ್ಟೀಲ್ ಚೊಂಬಿಗಿಂತ ಗಟ್ಟಿ. ಲೋಹ ತಾಕಿದಾಗ ಸವೆಯುವುದು ಲೋಹ. ಆ ಕಪ್ಪು ಗೆರೆ ಲೋಹ ಬಿಟ್ಟುಹೋದ ಪುಡಿ. ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ ಮೆತ್ತನೆ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿದರೆ ಬಹಳಷ್ಟು ಹೋಗುತ್ತದೆ.

ಉಗುರು ಸಿಕ್ಕಿಕೊಂಡರೆ ಮಾತ್ರ ನಿಜವಾದ ಗೀರು. ಅದನ್ನು ಉಜ್ಜಿ ತೆಗೆಯಲಾಗದು. ಸ್ಟೀಲ್ ಸ್ಕ್ರಬ್ಬರ್, ಇಟ್ಟಿಗೆ ಪುಡಿ ಹಿಡಿದು ತಿಕ್ಕಿದರೆ ಒಂದು ಗೀರು ಹತ್ತಾಗಿ, ಅದರೊಳಗೆ ಕೊಳೆ ಕೂರುತ್ತದೆ. ಅದನ್ನು ದಿನವೂ ಶುಚಿಯಾಗಿಡುವುದೇ ದಾರಿ.

ಒಂದು ಎಚ್ಚರಿಕೆ: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ವಿಷಾನಿಲ ಬರುತ್ತದೆ. ಕಿಟಕಿ ತೆಗೆದಿರಲಿ, ಕೈಗೆ ಗ್ಲೌಸ್ ಇರಲಿ.

*ಈಗ ನಮ್ಮ ಕಡೆ ನೋಡಿಕೊಳ್ಳೋಣ*

ನಮ್ಮ ಮೇಲೆ ಈ ಸಮಾಜ ಸಾವಿರಾರು ವರ್ಷ ಗೆರೆ ಎಳೆಯಿತು. ಕೀಳು ಅಂದಿತು, ಮುಟ್ಟಬಾರದವರು ಅಂದಿತು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಅದನ್ನು ತಮ್ಮದೇ ಗೀರು ಅಂತ ನಂಬಿ ತಲೆ ತಗ್ಗಿಸಿ ನಡೆದರು. ಬಂಧುಗಳೇ, ಅಸ್ಪೃಶ್ಯತೆಯ ಕಪ್ಪು ನಮ್ಮದಲ್ಲ. ತಾಕಿದ ಲೋಹದ್ದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಧಮ್ಮ ಕೊಟ್ಟಾಗ, ಒಳಗಿನ ಮನುಷ್ಯ ಒಡೆದಿಲ್ಲ, ಮೇಲೆ ಕೂತದ್ದನ್ನು ತೆಗೆಯಬಹುದು ಎಂಬ ಧೈರ್ಯವನ್ನೂ ಕೊಟ್ಟರು.

ನಿಜವಾದ ಗಾಯಗಳೂ ಇವೆ, ಇಲ್ಲವೆನ್ನಬಾರದು. ಅವಮಾನ ನುಂಗಿದವರಿಗೆ "ಮರೆತುಬಿಡಿ" ಅನ್ನುವುದು ಗೀರಿನ ಮೇಲೆ ಬಣ್ಣ ಬಳಿದಂತೆ. ಆದರೆ ಆ ಗಾಯದೊಳಗೆ ದ್ವೇಷ ಕೂರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಕಲ್ಲಿನ ಮೇಲೆ ಕೊರೆದ ಗೆರೆ, ಮಣ್ಣಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ ಎಂದು ಬುದ್ಧರು ಸಿಟ್ಟು ಉಳಿಯುವ ಮೂರು ಬಗೆಯ ಜನರನ್ನು ಹೇಳಿದರು. ಅನ್ಯಾಯದ ವಿರುದ್ಧ ಹೋರಾಟ ಗಟ್ಟಿ ಇರಲಿ, ಸಿಟ್ಟು ನೀರಿನ ಗೆರೆಯಾಗಲಿ.

*ಉಜ್ಜುವ ಕೈ ಯಾರದು?*

ರಾಜಗೃಹದ ಬೀದಿಯಲ್ಲಿ ಕಸ ಗುಡಿಸುತ್ತಿದ್ದ ಸುನೀತನನ್ನು ಭಗವಾನರು ಸಂಘಕ್ಕೆ ಕರೆದರು. ಮೊದಲು ಶುದ್ಧನಾಗಿ ಬಾ ಅನ್ನಲಿಲ್ಲ. ಕೊಳೆ ತೆಗೆಯುವವನು ಕೊಳಕನಲ್ಲ ಎಂಬುದು ಧಮ್ಮದ ಮೊದಲ ಪಾಠ. ನಮ್ಮ ದೇಶದಲ್ಲಿ ಮಾತ್ರ ಆ ಕೆಲಸ ಹುಟ್ಟಿಗೆ ಅಂಟಿಕೊಂಡಿದೆ, ಮಾಡಲಿ ಬಿಡಲಿ ಜಾಡಮಾಲಿ ಜಾಡಮಾಲಿಯೇ ಎಂದು ಬಾಬಾಸಾಹೇಬರು ತೋರಿಸಿಕೊಟ್ಟರು.

ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ 1970ರ ದಶಕದಲ್ಲೇ ನಿಷೇಧಿಸಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರಲ್ಲಿ ದೇಶಕ್ಕೆ ಹೊಸ ಕಾನೂನು ಬಂತು. ಹತ್ತು ವರ್ಷ ಕಳೆದು, 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿದೆವು. ಯಾವ ಶಾಲೆಯಲ್ಲಾದರೂ ನಮ್ಮ ಮಕ್ಕಳನ್ನೇ ಆರಿಸಿ ಕಕ್ಕಸ್ಸು ತೊಳೆಸಿದರೆ ಸುಮ್ಮನಿರಬೇಡಿ. ದೂರು ಕೊಡಿ, ಬಳಗಕ್ಕೂ ತಿಳಿಸಿ.

ಅದೇ ಹೊತ್ತಿಗೆ ಮನೆಯೊಳಗೂ ಕೇಳಿಕೊಳ್ಳೋಣ. ಜಾತಿಯಿಂದ ಹೇರಿದ್ದು ತಪ್ಪು ಎನ್ನುವ ನಾವು ಅದೇ ಕೆಲಸವನ್ನು ಹೆಂಡತಿ, ಸೊಸೆ, ಮಗಳ ಮೇಲೆ ಹುಟ್ಟಿನಿಂದಲೇ ಹೇರುತ್ತಿಲ್ಲವೇ? ಬೇರೆಯವರ ಮಲ ಹೊರುವುದಿಲ್ಲ ಎಂಬುದು ಸ್ವಾಭಿಮಾನ. ತನ್ನ ಕಕ್ಕಸ್ಸು ತಾನೇ ತೊಳೆಯುವುದೂ ಸ್ವಾಭಿಮಾನವೇ.

*ಇಂದಿನ ಅಭ್ಯಾಸ*

1. ಈ ವಾರ ಮನೆಯ ಗಂಡಸರು, ಹುಡುಗರು ಬ್ರಷ್ ಹಿಡಿಯಲಿ. ಗೆರೆ ಕಂಡರೆ ಮೊದಲು ಉಗುರಿನಿಂದ ಪರೀಕ್ಷಿಸಿ, ಆಮೇಲೆ ಉಜ್ಜಿ.
2. ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಐದು ನಿಮಿಷ ಕೂತು ನೋಡಿಕೊಳ್ಳಿ: ನನ್ನದಲ್ಲದ ಯಾವ ಕಪ್ಪನ್ನು ನನ್ನದೆಂದು ಹೊತ್ತಿದ್ದೇನೆ? ನನ್ನದೇ ಆದ ಯಾವ ಕಲೆಯನ್ನು ನೋಡದೆ ಬಿಟ್ಟಿದ್ದೇನೆ?
3. ಊರಿನ ಪೌರಕಾರ್ಮಿಕರು ಎದುರಾದರೆ ಏಕವಚನ ಬೇಡ. ಅಣ್ಣ, ಅಕ್ಕ ಎಂದು ಮಾತಾಡಿಸಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏

_ಓದಿ, ಮನೆಯವರಿಗೂ ಓದಿ ಹೇಳಿ, ಇತರ ಗುಂಪುಗಳಿಗೆ ಕಳುಹಿಸಿ._