ಪರರ ಬಾವುಟ, ನಮ್ಮ ಸಂಬಳ

ಕರ್ತನಲ್ಲಿ ಪ್ರಿಯರಾದ ತುಮಕೂರು, ಗುಬ್ಬಿ, ಕುಣಿಗಲ್ ಸಭೆಗಳವರೇ,

ಈ ವಾರದ ಓದು ಲೂಕನ 3ನೆಯ ಅಧ್ಯಾಯ. ಸ್ನಾನಿಕನಾದ ಯೋಹಾನನ ಹತ್ತಿರ ಸಿಪಾಯಿಗಳೂ ಬಂದು, ತಾವೇನು ಮಾಡಬೇಕೆಂದು ಕೇಳುತ್ತಾರೆ. ಕತ್ತಿ ಬಿಸಾಡಿ ಮನೆಗೆ ಹೋಗಿ ಅಂತ ಅವನು ಹೇಳಲಿಲ್ಲ. ಹೆದರಿಸಿ ಕಾಸು ಕೀಳುವುದು ಬೇಡ, ಸುಳ್ಳು ದೂರು ಬೇಡ, ಬರುವ ಸಂಬಳ ಸಾಕೆನ್ನಿ ಅಂದ. ಬೆಂಕಿಯಂಥ ಪ್ರವಾದಿಯ ಬಾಯಲ್ಲಿ ಇದು ಸಪ್ಪೆ ಉತ್ತರ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ; ಸಂಬಳಕ್ಕಾಗಿ ಪರರ ಪರ ಕಾದಾಡಿದ ನಮ್ಮ ನಾಡಿನವರನ್ನೇ ನೋಡಿ.

ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಕುಣಿಗಲ್ಲಿನವರಿಗೆ ಸವಾರರ ಕಥೆ ಹೊಸದಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಮಹಾರಾಜರ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್, ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಅವರು ತುರ್ಕಿಯರ ಕೈಯಲ್ಲಿದ್ದ ಹೈಫಾ ಪಟ್ಟಣದ ಹೊರಗಿದ್ದರು. ಒಂದು ಕಡೆ ಕೀಷೋನ್ ಹಳ್ಳ, ಮೇಲೆ ಕರ್ಮೆಲ್ ಬೆಟ್ಟ. ಎಲೀಯನ ಕಥೆಯಲ್ಲಿ ನಮ್ಮ ಮಕ್ಕಳು ಸಂಡೇ ಸ್ಕೂಲಿನಲ್ಲಿ ಕಲಿಯುವುದೂ ಇವೇ ಹೆಸರು. ಹಳ್ಳದ ಉಸುಬಿನಲ್ಲಿ, ಜೊತೆಗಿದ್ದ ಜೋಧಪುರದ ಅಶ್ವದಳದ ಕುದುರೆಗಳು ದಾಟಲಾರದೆ ಪಕ್ಕಕ್ಕೆ ತಿರುಗಿದವು. ಮೈಸೂರಿನ ಒಂದು ತುಕಡಿ ದನ ಓಡಾಡುವ ಕಡಿದಾದ ಜಾಡು ಹಿಡಿದು, ಬೆಟ್ಟದ ಮೇಲಿನ ಫಿರಂಗಿಗಳತ್ತ ಹತ್ತಿತು. ಸಂಜೆಯೊಳಗೆ ಊರು ಕೈಸೇರಿತು. ಸೆರೆ ಸಿಕ್ಕವರು ಸಾವಿರಕ್ಕೂ ಹೆಚ್ಚು. ಎದುರಿಗಿದ್ದ ತುರ್ಕಿಯವನ ಮೇಲೆ ಮೈಸೂರಿನ ಸವಾರನಿಗೆ ಸ್ವಂತ ಹಗೆ ಏನಿದ್ದೀತು?

ಸಂಬಳಕ್ಕೆ ಪರರ ಬಾವುಟದಡಿ ಕಾದಾಡುವುದು ಹಳೇ ವ್ಯವಹಾರ. ಸುಮಾರು ಸಾವಿರ ವರ್ಷದ ಹಿಂದೆ ಉತ್ತರದ ನಾರ್ಸ್ ಯೋಧರು ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಗೆ ಅಂಗರಕ್ಷಕರಾಗಿ ದುಡಿದರು. ಅಲ್ಲಿನ ಹಾಗಿಯಾ ಸೋಫಿಯಾ ದೇವಾಲಯದ ಉಪ್ಪರಿಗೆಯ ಅಮೃತಶಿಲೆಯಲ್ಲಿ ಹಾಲ್ಫ್‌ಡಾನ್ ಎಂಬ ಹೆಸರು ಅವರ ಲಿಪಿಯಲ್ಲಿ ಗೀಚಿದ್ದು ಇವತ್ತಿಗೂ ಇದೆ.

ಸಂಬಳ ಕೊಟ್ಟವನು ತೋಳನ್ನು ಕೊಳ್ಳುತ್ತಾನೆ, ಹೊತ್ತನ್ನು ಕೊಳ್ಳುತ್ತಾನೆ, ಸೈನಿಕನಾದರೆ ಪ್ರಾಣವನ್ನೂ. ಕೈಯಲ್ಲಿ ಆಯುಧವಿದ್ದಾಗ ಬರಿಗೈಯವನ ಜೊತೆ ಹೇಗೆ ನಡೆದುಕೊಂಡೆ ಅನ್ನುವ ಲೆಕ್ಕ ಮಾತ್ರ ದಣಿಯ ಪುಸ್ತಕಕ್ಕೆ ಸೇರದು. ಅದನ್ನು ಕೇಳುವವನು ದೇವರು. ಯೋಹಾನ ಗೆರೆ ಎಳೆದದ್ದು ಅಲ್ಲಿ.

ಆ ಸಿಪಾಯಿಗಳಿಗೆ ತಾವು ಸೇರಿದ ಕೆಲಸ ಯಾವುದೆಂದಾದರೂ ಗೊತ್ತಿತ್ತು. ಕಲಬುರಗಿ ಕಡೆಯ ಹುಡುಗರಿಗೆ ಅದೂ ಗೊತ್ತಿರಲಿಲ್ಲ. ಏಜೆಂಟನ ಮಾತು ನಂಬಿ ಸೆಕ್ಯುರಿಟಿ ಕೆಲಸವೆಂದು ರಷ್ಯಾಕ್ಕೆ ಹೋದವರನ್ನು ಯುಕ್ರೇನ್ ಯುದ್ಧಕ್ಕೆ ದೂಡಿದರು. ಊರಿಗೆ ಮರಳುವ ಹೊತ್ತಿಗೆ 2024ರ ಸೆಪ್ಟೆಂಬರ್ ಬಂದಿತ್ತು. ಹುಡುಗರ ಆಸೆಯನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಸಾಲವಿದ್ದವನಿಗೆ ದೂರದ ಸಂಬಳ ದೊಡ್ಡದಾಗಿಯೇ ಕಾಣುತ್ತದೆ.

ನಮ್ಮ ಸಭೆಗಳಲ್ಲೂ ಹೊರದೇಶಕ್ಕೆಂದು ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡ ಮಕ್ಕಳಿದ್ದಾರೆ. ಏಜೆಂಟ್ ಕೊಟ್ಟ ಕಾಗದಕ್ಕೆ ರುಜು ಹಾಕುವ ಮೊದಲು ಅದನ್ನು ತನ್ನಿ. ಭಾನುವಾರ ಆರಾಧನೆ ಮುಗಿದ ಮೇಲೆ ಗುಬ್ಬಿಯಲ್ಲಿ ನಾನು ಕೂತಿರುತ್ತೇನೆ, ಇಂಗ್ಲಿಷ್ ಕಾಗದ ಓದಿ ಹೇಳುವ ಹಿರಿಯರೂ ಇರುತ್ತಾರೆ. ತಾಯಂದಿರೂ ಜೊತೆಗೆ ಬನ್ನಿ.