ಒಂದಾಗಲು ಬಿಟ್ಟುಕೊಟ್ಟದ್ದು

ಎಲ್ಲರೂ ಒಂದಾಗಲಿ ಎಂದು ಬೇಡಿಕೊಳ್ಳುವುದು ಸುಲಭ. ಅದಕ್ಕಾಗಿ ನಾನೇನು ಬಿಡಲಿ ಎಂದು ಕೇಳಿಕೊಂಡಾಗ ನಾಲಿಗೆ ತಡವರಿಸುತ್ತದೆ.

1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಬೇರೆಬೇರೆ ಸಭೆಗಳ ಪಾಲಕರು ಈ ಪ್ರಶ್ನೆಗೆ ಹೆದರಲಿಲ್ಲ. ಅವರಲ್ಲಿ ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಿಯಾ ಇದ್ದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಯುರೋಪಿನ ಹಳೇ ಜಗಳಗಳನ್ನು ನಮ್ಮ ಹಳ್ಳಿಯ ವಿಶ್ವಾಸಿ ಯಾಕೆ ಹೊರಬೇಕು ಎಂಬುದು ಅವರೆಲ್ಲರ ಸಂಕಟ.

ಕಗ್ಗಂಟಾದದ್ದು ಬಿಷಪ್ಪರ ವಿಷಯ. ಅಪೊಸ್ತಲರ ಕಾಲದಿಂದ ಇಳಿದುಬಂದ ಬಿಷಪ್ಪರ ಪರಂಪರೆಯನ್ನು ಆಂಗ್ಲಿಕನ್ನರು ಬಿಡಲಾರರು. ಹಾಗಾದರೆ ಬಿಷಪ್ಪರ ಹಸ್ತಾರ್ಪಣೆಯಿಲ್ಲದೆ ಸಭಾಪಾಲಕರಾಗಿದ್ದ ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು? ಅವರ ತಲೆಯ ಮೇಲೆ ಮತ್ತೆ ಕೈಯಿಟ್ಟರೆ, ಅಷ್ಟು ವರ್ಷ ಅವರು ಮುರಿದು ಹಂಚಿದ ರೊಟ್ಟಿ ಸುಳ್ಳೆಂದು ಹೇಳಿದಂತೆ. ವರ್ಷಗಳ ಮಾತುಕತೆಯ ಕೊನೆಗೆ ಯಾರಿಗೂ ಮರುದೀಕ್ಷೆ ಬೇಡವೆಂದಾಯಿತು. ಇನ್ನು ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದ. ಮೆಥೋಡಿಸ್ಟರು ಮೊದಲಾದವರು ಬಿಷಪ್ಪರನ್ನು ಒಪ್ಪಿದರು, ಆಂಗ್ಲಿಕನ್ನರು ಅವರ ಪಾಲಕರನ್ನು ಒಪ್ಪಿದರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಸಭಾಪಾಲಕರನ್ನಾಗಲಿ ಹೇರುವುದಿಲ್ಲವೆಂಬ ಭಾಷೆಯೂ ಆಯಿತು. ಇಡೀ ಒಪ್ಪಂದದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಈ ಭಾಷೆಯೇ. ಅದರಲ್ಲಿ ಎದುರಿನವರ ನೋವನ್ನು ಮೊದಲೇ ನೆನೆದಿದ್ದಾರೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಈ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಿಯಾ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಇಂಗ್ಲೆಂಡಿನ ಆಂಗ್ಲಿಕನ್ನರಲ್ಲಿ ಹಲವರಿಗೆ ಈ ಐಕ್ಯ ಸರಿಕಾಣಲಿಲ್ಲ. ದಕ್ಷಿಣ ಭಾರತದಲ್ಲೇ ನಂದ್ಯಾಲದ ಕಡೆಯ ಕೆಲವು ಆಂಗ್ಲಿಕನ್ ಸಭೆಗಳೂ ಹೊರಗುಳಿದವು. ಪಿತ್ರಾರ್ಜಿತವೆಂದು ಎದೆಗವಚಿಕೊಂಡದ್ದನ್ನು ಸಡಿಲಿಸಲು ಅವರಿಂದಾಗಲಿಲ್ಲ. ಅವರನ್ನು ಹಟಮಾರಿಗಳೆನ್ನಲು ನನಗೆ ಮನಸ್ಸು ಬಾರದು.

ಹೊಸ ಸಭೆಯ ಆರಾಧನಾ ಕ್ರಮದಲ್ಲಿ ಒಂದು ಗಳಿಗೆಯಿದೆ. ಕರ್ತನ ಮೇಜಿನಿಂದ ಸಮಾಧಾನ ಹೊರಡುತ್ತದೆ. ಒಬ್ಬರು ಜೋಡಿಸಿದ ಅಂಗೈಗಳ ನಡುವೆ ಪಕ್ಕದವರ ಕೈಯನ್ನು ಹಿಡಿಯುತ್ತಾರೆ. ಹಾಗೆ ಪಡೆದವರು ಮುಂದಿನವರಿಗೆ ದಾಟಿಸುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ರೂಢಿಯಿಂದ ಇದನ್ನು ತಂದರು. ಸಿರಿಯನ್ ಸಭೆಗಳು ಈ ಐಕ್ಯಕ್ಕೆ ಸೇರಿರಲಿಲ್ಲ. ಆದರೂ ಅವರ ಸಮಾಧಾನವನ್ನು ಪಡೆಯಲು ಇವರು ಕೈಯೊಡ್ಡಿದರು.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಆಂಗ್ಲಿಕನ್ನರು ಕಟ್ಟಿದ್ದು, ಹಡ್ಸನ್ ದೇವಾಲಯ ವೆಸ್ಲಿಯನ್ ಮೆಥೋಡಿಸ್ಟರದ್ದು. ಈಗ ಎರಡೂ ದಕ್ಷಿಣ ಭಾರತ ಸಭೆಯವು, ಎರಡಕ್ಕೂ ಒಬ್ಬರೇ ಬಿಷಪ್. ಅಲ್ಲಿ ಪ್ರಾರ್ಥಿಸುವ ಎಷ್ಟೋ ಮಂದಿಗೆ ತಮ್ಮ ಹಿರಿಯರು ಬೇರೆಬೇರೆ ಸಭೆಗಳವರಾಗಿದ್ದರೆಂಬ ನೆನಪೂ ಇರಲಿಕ್ಕಿಲ್ಲ. ಆ ಮರೆವಿಗಾಗಿಯೂ ಇಂದು ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇನೆ.